ಚಿಕ್ಕ ಕಾರಿನಲ್ಲಿ ಸುಖಕರ ಪ್ರಯಾಣ: ಕೆಲವು ವಿಚಾರಗಳು

(ವಾರ್ಷಿಕೋತ್ಸವದ ಅಂಗವಾಗಿ ಉಮ್ಮತ್ತೂರಿನಲ್ಲಿ ಏರ್ಪಡಿಸಿದ್ದ ಪೋಷಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಉರ್ದು ಮತ್ತು ಕನ್ನಡ ಪಾಠ ಹೇಳುವ ಭಾಷಾ ಶಿಕ್ಷಕರಿಗೆ ಕಾರಿನ ವಿಷಯ ಏಕೆ ಬೇಕು ಎಂದು ತಮಗೆ ಅನ್ನಿಸಬಹುದು. ಕಾರಣ ಸರಳವಾಗಿದೆ. ಇಂದು ನಮ್ಮ ಊರುಗಳಲ್ಲಿ ಚಿಕ್ಕ ಕಾರು ಶ್ರೀಮಂತರ ಸೊತ್ತಾಗಿ ಉಳಿದಿಲ್ಲ. ಅಣ್ಣ ತಮ್ಮಂದಿರು ಸೇರಿ, ಸ್ವಲ್ಪ ಸಾಲ ಮಾಡಿ, ಸೆಕೆಂಡ್ ಹ್ಯಾಂಡ್ ಮಾರುತಿ 800 ಅನ್ನೋ ಆಲ್ಟೋವನ್ನೋ ತಂದು ಮನೆಯ ಮುಂದೆ ನಿಲ್ಲಿಸಿರುತ್ತಾರೆ. ಅದು ಶೋಕಿಗಾಗಿ ಬಂದ ಗಾಡಿಯಲ್ಲ. ಬೆನ್ನು ನೋವಿನ ದಾದಿಯನ್ನು ಮೈಸೂರಿನ ಕೆ.ಆರ್. ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತುಂಬು ಗರ್ಭಿಣಿ ಮಗಳನ್ನು ಚಾಮರಾಜನಗರಕ್ಕೆ ತಪಾಸಣೆಗೆ ಕರೆದೊಯ್ಯಬೇಕು. ಆಪರೇಷನ್ ಆದ ಚಾಚಾರನ್ನು ಹೊಲಿಗೆ ಬಿಚ್ಚದಂತೆ ಮನೆಗೆ ತರಬೇಕು. ಇಂಥ ಪ್ರಯಾಣದಲ್ಲಿ ಹಿಂದಿನ ಸೀಟಿನಿಂದ ಕೇಳಿ ಬರುವ ಮಾತು ಒಂದೇ: "ಮೆಲ್ಲಗೆ ಹೋಗಪ್ಪಾ, ಗಾಡಿ ತುಂಬ ಎತ್ತಿ ಹಾಕುತ್ತದೆ."

ಈ "ಎತ್ತಿ ಹಾಕುವುದು" ಚಿಕ್ಕ ಕಾರಿನ ಹಣೆಬರಹ ಎಂದು ಹಲವರು ತಿಳಿದಿದ್ದಾರೆ. ದೊಡ್ಡ ಕಾರು ಕೊಂಡರೆ ಮಾತ್ರ ಸುಖ, ಇಲ್ಲವಾದರೆ ಸಹಿಸಿಕೊಳ್ಳಬೇಕು ಎಂಬ ಭಾವನೆ ಇದೆ. ಈ ಭಾವನೆ ಅರ್ಧ ಮಾತ್ರ ಸರಿ. ಕುಲುಕಾಟದಲ್ಲಿ ಒಂದು ಪಾಲು ಕಾರಿನ ಗಾತ್ರದಿಂದ ಬರುತ್ತದೆ. ಅದನ್ನು ನಾವು ಬದಲಿಸಲಾರೆವು. ಆದರೆ ದೊಡ್ಡ ಪಾಲು ಬರುವುದು ಟೈರಿನ ಗಾಳಿಯಿಂದ, ಸವೆದ ರಬ್ಬರಿನಿಂದ ಮತ್ತು ಓಡಿಸುವವರ ಪಾದದಿಂದ. ಈ ಮೂರೂ ನಮ್ಮ ಕೈಯಲ್ಲಿವೆ. ಇದನ್ನೇ ತಮ್ಮ ಮುಂದೆ ವಿವರವಾಗಿ ಇಡಬಯಸುತ್ತೇನೆ.

ಭಾಷಾ ಶಿಕ್ಷಕರಾದ್ದರಿಂದ ಮೊದಲು ಪದಗಳಿಂದಲೇ ಆರಂಭಿಸುತ್ತೇನೆ. ಸವಾರಿ, ರಸ್ತೆ, ಕಮಾನು, ಮರಾಮತ್ತು ಇವೆಲ್ಲ ಫಾರ್ಸಿ, ಅರಬ್ಬಿ, ಉರ್ದುವಿನ ದಾರಿಯಲ್ಲಿ ಬಂದು ಕನ್ನಡದವೇ ಆಗಿ ಹೋದ ಪದಗಳು. ಮೈಸೂರಿನ ಬೀದಿಗಳಲ್ಲಿ ಓಡುತ್ತಿದ್ದ ಜಟಕಾ ಗಾಡಿಯ ಹೆಸರನ್ನೇ ನೋಡಿ. ಉರ್ದುವಿನಲ್ಲಿ ಝಟ್ಕಾ ಎಂದರೆ ಕುಲುಕು, ಜಗ್ಗಾಟ. ಅಂದರೆ ವಾಹನ ಮತ್ತು ಕುಲುಕು ಎರಡೂ ಜೊತೆಯಲ್ಲೇ ಹುಟ್ಟಿದವು. ಕುಲುಕನ್ನು ತಡೆಯುವ ಉಪಾಯವೂ ಅಷ್ಟೇ ಹಳೆಯದು. ನಮ್ಮ ಅಜ್ಜಂದಿರ ಕಾಲದಲ್ಲಿ ಬಸುರಿ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ಕರೆದೊಯ್ಯುವಾಗ ಏನು ಮಾಡುತ್ತಿದ್ದರು? ಗಾಡಿಯ ತಳದಲ್ಲಿ ದಪ್ಪಗೆ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹಾಸಿ, ಮಧ್ಯದಲ್ಲಿ ಕೂರಿಸುತ್ತಿದ್ದರು. ಎತ್ತುಗಳನ್ನು ಓಡಿಸದೆ ನಡೆಸುತ್ತಿದ್ದರು. ಮೆತ್ತನೆಯ ಪದರ, ಕೂರುವ ಜಾಗ, ನಿಧಾನದ ನಡೆ: ಇಂದಿಗೂ ಕಾರಿನ ಸುಖದ ಸೂತ್ರ ಇದೇ ಆಗಿದೆ.

ಕಬ್ಬಿಣದ ಪಟ್ಟೆ ಕಟ್ಟಿದ ಮರದ ಚಕ್ರ ಹೋಗಿ ಗಾಳಿ ತುಂಬಿದ ರಬ್ಬರ್ ಚಕ್ರ ಬಂದದ್ದು ದೊಡ್ಡ ಕ್ರಾಂತಿ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ರಬ್ಬರ್ ಕೊಳವೆಯನ್ನು ಚಕ್ರಕ್ಕೆ ಸುತ್ತಿದ. ಅವನಿಗೂ ಮೊದಲು 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ ಇಂಥದಕ್ಕೇ ಪೇಟೆಂಟ್ ಪಡೆದಿದ್ದ. ಆದರೆ ಬಳಕೆಗೆ ತಂದ ಕೀರ್ತಿ ಡನ್‌ಲಪ್‌ಗೆ ಸಂದಿತು. ನಮ್ಮ ಕಡೆ ಕಬ್ಬು, ಅರಿಶಿನ ಸಾಗಿಸುವ ಟೈರ್ ಗಾಡಿ ಮರದ ಚಕ್ರದ ಗಾಡಿಗಿಂತ ಎಷ್ಟು ಹಗುರವಾಗಿ ಹೋಗುತ್ತದೆ ಎಂಬುದನ್ನು ರೈತರಿಗೆ ನಾನು ಹೇಳಬೇಕಾಗಿಲ್ಲ. ಗಾಡಿ ಅದೇ, ಎತ್ತು ಅದೇ, ರಸ್ತೆ ಅದೇ. ಬದಲಾದದ್ದು ಗಾಳಿ ಮಾತ್ರ.

ಈಗ ಕಾರಿಗೆ ಬರೋಣ. ರಸ್ತೆಗೂ ನಮ್ಮ ಬೆನ್ನೆಲುಬಿಗೂ ನಡುವೆ ಮೂರು ಮೆತ್ತನೆಯ ಪದರಗಳಿವೆ. ಮೊದಲನೆಯದು ಟೈರಿನೊಳಗಿನ ಗಾಳಿ. ಎರಡನೆಯದು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಮತ್ತು ಅವುಗಳ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು. ಮೂರನೆಯದು ನಾವು ಕೂರುವ ಸೀಟು. ಇವುಗಳಲ್ಲಿ ಒಂದು ಕೆಟ್ಟರೂ ಉಳಿದ ಎರಡರ ಮೇಲೆ ಭಾರ ಬೀಳುತ್ತದೆ.

ಹಾಗಾದರೆ ಚಿಕ್ಕ ಕಾರು ದೊಡ್ಡ ಕಾರಿಗಿಂತ ಹೆಚ್ಚು ಕುಲುಕುವುದೇಕೆ? ವಿದ್ಯಾರ್ಥಿಗಳು ಇದನ್ನು ಲೆಕ್ಕ ಮಾಡಿ ನೋಡಬಹುದು. ಭಾರತದಲ್ಲಿ 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದು 2014ರವರೆಗೆ ತಯಾರಾದ ಮಾರುತಿ 800 ಕಾರಿನ ತೂಕ ಸುಮಾರು 650 ಕೆ.ಜಿ. ಅದರಲ್ಲಿ ತಲಾ 60 ಕೆ.ಜಿ. ತೂಕದ ಐದು ಜನ ಕುಳಿತರೆ 300 ಕೆ.ಜಿ. ಆಯಿತು. ಅಂದರೆ ಕಾರಿನ ಸ್ವಂತ ತೂಕದ ಅರ್ಧಕ್ಕೆ ಹತ್ತಿರ. ಅದೇ ಐದು ಜನ ಸುಮಾರು 1,100 ಕೆ.ಜಿ. ತೂಕದ ಅಂಬಾಸಿಡರ್ ಕಾರಿನಲ್ಲಿ ಕುಳಿತರೆ ಅದರ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಚಿಕ್ಕ ಕಾರಿನ ಸ್ಪ್ರಿಂಗು ಒಬ್ಬರನ್ನೂ ಹೊರಬೇಕು, ಐದು ಜನರನ್ನೂ ನೆಲಕ್ಕೆ ತಾಗದಂತೆ ಹೊರಬೇಕು. ಆದ್ದರಿಂದ ಅದನ್ನು ತೂಕಕ್ಕೆ ಹೋಲಿಸಿದರೆ ಗಟ್ಟಿಯಾಗಿಯೇ ಮಾಡಬೇಕಾಗುತ್ತದೆ. ಒಬ್ಬರೇ ಹೋಗುವಾಗ ಕಾರು ಹೆಚ್ಚು ಕುಪ್ಪಳಿಸುವುದು, ತುಂಬಿದಾಗ ಸ್ವಲ್ಪ ಮೆತ್ತಗೆ ಹೋಗುವುದು ಇದೇ ಕಾರಣಕ್ಕೆ.

ಎರಡನೆಯ ಕಾರಣ ಉದ್ದ. ಮಾರುತಿ 800ರ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2.2 ಮೀಟರಿಗಿಂತ ಸ್ವಲ್ಪ ಕಡಿಮೆ. ಅಂಬಾಸಿಡರಿನಲ್ಲಿ ಇದು ಸುಮಾರು ಎರಡೂವರೆ ಮೀಟರ್. ಒಂದೇ ಉಬ್ಬನ್ನು ಹತ್ತುವಾಗ ಗಿಡ್ಡ ಗಾಡಿ ಹೆಚ್ಚು ವಾಲುತ್ತದೆ. ಉದ್ದದ ಹಲಗೆಯ ಒಂದು ತುದಿಗೆ ಇಟ್ಟಿಗೆ ಇಟ್ಟು ನೋಡಿ, ಗಿಡ್ಡ ಹಲಗೆಗೂ ಅದೇ ಇಟ್ಟಿಗೆ ಇಟ್ಟು ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಮೂರನೆಯ ಕಾರಣ ಚಕ್ರದ ಗಾತ್ರ. ಇದರಲ್ಲಿ ಪೈಥಾಗೊರಸ್ ಪ್ರಮೇಯ ಅಡಗಿದೆ. ಮಾರುತಿ 800ರ ಟೈರಿನ ವ್ಯಾಸ ಸುಮಾರು 50 ಸೆಂ.ಮೀ., ಅಂದರೆ ತ್ರಿಜ್ಯ 25 ಸೆಂ.ಮೀ. ಎದುರಿಗೆ 30 ಸೆಂ.ಮೀ. ಅಗಲದ ಆಳವಾದ ಗುಂಡಿ ಇದೆ ಎನ್ನಿ. ಗುಂಡಿಯ ಅರ್ಧ ಅಗಲ 15 ಸೆಂ.ಮೀ. 15, 20, 25 ಭುಜಗಳ ಲಂಬಕೋನ ತ್ರಿಭುಜ ನಮ್ಮ ಮಕ್ಕಳಿಗೆ ಗೊತ್ತು. ಹಾಗಾಗಿ ಚಕ್ರ ಗುಂಡಿಯೊಳಗೆ 25ರಲ್ಲಿ 20 ಕಳೆದು 5 ಸೆಂ.ಮೀ. ಇಳಿಯುತ್ತದೆ. ಈಗ 78 ಸೆಂ.ಮೀ. ವ್ಯಾಸದ ದೊಡ್ಡ ಜೀಪಿನ ಚಕ್ರ ತೆಗೆದುಕೊಳ್ಳಿ. ತ್ರಿಜ್ಯ 39. ತ್ರಿಭುಜದ ಭುಜಗಳು 15, 36, 39. ಈ ಚಕ್ರ ಇಳಿಯುವುದು 3 ಸೆಂ.ಮೀ. ಮಾತ್ರ. ಗುಂಡಿ ಒಂದೇ ಆದರೂ ಚಿಕ್ಕ ಚಕ್ರಕ್ಕೆ ಅದು ಹೆಚ್ಚು ಆಳ. ಇಂಥ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿದ ಮಗು ಪ್ರಮೇಯವನ್ನು ಮರೆಯುವುದಿಲ್ಲ.

ಇಷ್ಟೆಲ್ಲ ತೊಡಕುಗಳಿದ್ದರೂ ಚಿಕ್ಕ ಕಾರು ಸುಖವಾಗಿರಲು ಸಾಧ್ಯವೇ? ಸಾಧ್ಯ ಎಂದು ಫ್ರಾನ್ಸ್ ದೇಶದ ಸಿಟ್ರೊಯೆನ್ ಕಂಪನಿ ಬಹಳ ಹಿಂದೆಯೇ ತೋರಿಸಿತು. ಆ ಕಂಪನಿಯ ಮುಖ್ಯಸ್ಥ ಪಿಯೇರ್ ಬುಲಾಂಜೆ ಹಳ್ಳಿಯ ರೈತರಿಗಾಗಿ ಒಂದು ಅಗ್ಗದ ಕಾರು ಮಾಡಿಸಲು ಹೊರಟ. ಉತ್ತ ಹೊಲದ ಮೇಲೆ ಮೊಟ್ಟೆಯ ಬುಟ್ಟಿ ಇಟ್ಟುಕೊಂಡು ಹೋದರೂ ಒಂದು ಮೊಟ್ಟೆಯೂ ಒಡೆಯಬಾರದು ಎಂಬುದು ಅವನ ಇಂಜಿನಿಯರುಗಳಿಗೆ ಇದ್ದ ಪ್ರಸಿದ್ಧ ಶರತ್ತು. 1948ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಹೊರಬಂದ ಆ 2ಸಿವಿ ಕಾರು 1990ರವರೆಗೂ ತಯಾರಾಯಿತು. ಇಂಜಿನ್ ಬಹಳ ಸಣ್ಣದು, ಗಾಡಿ ಹಗುರ. ಆದರೆ ಚಕ್ರಗಳು ದೊಡ್ಡವು, ಸ್ಪ್ರಿಂಗುಗಳು ಮೆತ್ತಗೆ, ಚಕ್ರ ಮೇಲೆ ಕೆಳಗೆ ಆಡಲು ಧಾರಾಳ ಜಾಗ. ಸುಖ ಬರುವುದು ಬೆಲೆಯಿಂದಲ್ಲ, ಅರಿತು ಮಾಡಿದ ಕೆಲಸದಿಂದ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ನಮ್ಮ ಕಾರುಗಳನ್ನು ನಾವು ಹೊಸದಾಗಿ ತಯಾರಿಸಲಾರೆವು. ಆದರೆ ತಯಾರಿಸಿದವರು ಕೊಟ್ಟ ಸುಖವನ್ನು ಕಳೆದುಕೊಳ್ಳದಂತೆ ನೋಡಿಕೊಳ್ಳಬಹುದು. ಅದಕ್ಕೆ ಏನು ಮಾಡಬೇಕು?

ಮೊದಲನೆಯದಾಗಿ ಗಾಳಿ. ಡ್ರೈವರ್ ಬಾಗಿಲು ತೆರೆದರೆ ಅದರ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಕಂಪನಿ ಕೊಟ್ಟ ಪುಸ್ತಕದಲ್ಲಿ ಬರೆದಿರುತ್ತದೆ. ಮುಂದಿನ ಟೈರಿಗೆ ಎಷ್ಟು, ಹಿಂದಿನ ಟೈರಿಗೆ ಎಷ್ಟು, ತುಂಬಿದ ಗಾಡಿಗೆ ಎಷ್ಟು ಎಂದು ಅಲ್ಲಿ ತಿಳಿಸಿರುತ್ತಾರೆ. ಹೆಚ್ಚಿನ ಚಿಕ್ಕ ಕಾರುಗಳಿಗೆ ಇದು 30 ಪಿ.ಎಸ್.ಐ. ಆಸುಪಾಸಿನಲ್ಲಿರುತ್ತದೆ. "ಗಟ್ಟಿಯಾಗಿರಲಿ, ಪಂಚರ್ ಆಗುವುದಿಲ್ಲ" ಎಂದು 40ರವರೆಗೆ ಹೊಡೆಸುವವರಿದ್ದಾರೆ. ಹೀಗೆ ಮಾಡಿದರೆ ಟೈರು ಕಲ್ಲಿನಂತಾಗಿ ಪ್ರತಿಯೊಂದು ಚಿಕ್ಕ ಕಲ್ಲೂ ಬೆನ್ನಿಗೆ ತಿಳಿಯುತ್ತದೆ. ಟೈರಿನ ಮಧ್ಯಭಾಗ ಮಾತ್ರ ರಸ್ತೆಗೆ ತಾಗುವುದರಿಂದ ಬ್ರೇಕಿನ ಹಿಡಿತವೂ ಕಡಿಮೆಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಮೆತ್ತಗಿರಲಿ ಎಂದು ಗಾಳಿ ಇಳಿಸುವವರೂ ಇದ್ದಾರೆ. ಇದು ಇನ್ನೂ ಅಪಾಯಕರ. ಗಾಳಿ ಕಡಿಮೆಯಾದ ಟೈರಿನ ಪಕ್ಕೆಗಳು ಪ್ರತಿ ಸುತ್ತಿನಲ್ಲೂ ಮಡಿಚಿ ಬಿಚ್ಚಿ ಬಿಸಿಯಾಗುತ್ತವೆ. ಹೆದ್ದಾರಿಯ ವೇಗದಲ್ಲಿ ಸಿಡಿಯಬಹುದು. ಆದ್ದರಿಂದ ಸುಖಕ್ಕಾಗಿ ಸ್ಟಿಕ್ಕರಿನ ಅಂಕಿಗಿಂತ ಕೆಳಗೆ ಎಂದಿಗೂ ಇಳಿಸಬಾರದು.

ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ ನೋಡಿಸಬೇಕು. ಬಿಸಿಯಾದ ಗಾಳಿ ಹಿಗ್ಗುತ್ತದೆ ಎಂಬುದು ಪ್ರೌಢಶಾಲೆಯ ಪಾಠ. ಟೈರಿನ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿ.ಎಸ್.ಐ. ಏರುತ್ತದೆ. ಮೈಸೂರಿನಿಂದ ಬಿಸಿಲಿನಲ್ಲಿ ಬಂದು ಗಾಳಿ ನೋಡಿಸಿ, "ಜಾಸ್ತಿ ಇದೆ" ಎಂದು ಇಳಿಸಿದರೆ ಮರುದಿನ ಬೆಳಿಗ್ಗೆ ಅದು ಕಡಿಮೆಯಾಗಿರುತ್ತದೆ. ಹದಿನೈದು ದಿನಕ್ಕೊಮ್ಮೆ, ದೂರದ ಪ್ರಯಾಣಕ್ಕೆ ಮುನ್ನ ಒಮ್ಮೆ, ಸ್ಟೆಪ್ನಿಯೂ ಸೇರಿದಂತೆ ನೋಡಿಸಿದರೆ ಸಾಕು.

ಟೈರಿನ ವಯಸ್ಸೂ ಮುಖ್ಯ. ಟೈರಿನ ಪಕ್ಕೆಯ ಮೇಲೆ ನಾಲ್ಕು ಅಂಕಿಗಳು ಅಚ್ಚಾಗಿರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ "ಟೈರ್ ಹೂವು ಚೆನ್ನಾಗಿದೆ" ಎಂದು ಮಾತ್ರ ನೋಡುತ್ತಾರೆ, ಇಸವಿ ನೋಡುವುದಿಲ್ಲ. ಓಡದೆ ನಿಂತ ಗಾಡಿಯ ಟೈರು ಸವೆಯದಿದ್ದರೂ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಅಂಥ ಟೈರು ಕುಲುಕನ್ನೂ ತಡೆಯದು, ಮಳೆಯಲ್ಲಿ ರಸ್ತೆಯನ್ನೂ ಹಿಡಿಯದು. ಟೈರಿನ ವಿಷಯದಲ್ಲಿ ನಮ್ಮ ನೆರೆಯ ಮೈಸೂರು ಹಿಂದುಳಿದಿಲ್ಲ. ಅಲ್ಲಿಯ ವಿಕ್ರಾಂತ್ ಟೈರ್ಸ್ ಕಾರ್ಖಾನೆ 1997ರಲ್ಲಿ ಜೆ.ಕೆ. ಸಂಸ್ಥೆಯ ಕೈಗೆ ಹೋಯಿತು. ಭಾರತದಲ್ಲಿ ರೇಡಿಯಲ್ ಟೈರನ್ನು ಮೊದಲಿಗೆ ತಂದ ಸಂಸ್ಥೆ ಅದೇ. ರೇಡಿಯಲ್ ಟೈರಿನ ಪಕ್ಕೆ ಹೆಚ್ಚು ಬಾಗಬಲ್ಲದು. ಹಳೆಯ ಬಗೆಯ ಟೈರಿಗಿಂತ ಅದು ಮೆತ್ತಗೆ ಓಡಲು ಇದೂ ಒಂದು ಕಾರಣ.

ಎರಡನೆಯದಾಗಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ಇವೆರಡೂ ಒಂದೇ ಎಂದು ತಿಳಿದವರು ಬಹಳ ಜನ. ಸ್ಪ್ರಿಂಗಿನ ಕೆಲಸ ಹೊಡೆತವನ್ನು ನುಂಗಿಕೊಳ್ಳುವುದು. ಎಳೆದಷ್ಟೂ, ಒತ್ತಿದಷ್ಟೂ ಅದು ಅದೇ ಪ್ರಮಾಣದಲ್ಲಿ ತಿರುಗಿ ಒತ್ತುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಆದರೆ ಸ್ಪ್ರಿಂಗು ನುಂಗಿದ್ದನ್ನು ಇಟ್ಟುಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ. ಒಮ್ಮೆ ತಳ್ಳಿದ ಜೋಕಾಲಿ ಆಡುತ್ತಲೇ ಇರುವ ಹಾಗೆ ಕಾರೂ ಆಡುತ್ತಲೇ ಇರುತ್ತದೆ. ಅದನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಅದರ ಕೊಳವೆಯೊಳಗೆ ಎಣ್ಣೆ ಇರುತ್ತದೆ. ಪಿಸ್ಟನ್ನಿನ ಸಣ್ಣ ರಂಧ್ರಗಳ ಮೂಲಕ ಎಣ್ಣೆ ನುಸುಳಬೇಕಾಗುತ್ತದೆ. ಆ ತಿಣುಕಾಟದಲ್ಲಿ ಕುಲುಕಿನ ಶಕ್ತಿ ಶಾಖವಾಗಿ ಹೋಗಿಬಿಡುತ್ತದೆ.

ಇದನ್ನು ಪರೀಕ್ಷಿಸಲು ಗ್ಯಾರೇಜಿಗೆ ಹೋಗಬೇಕಾಗಿಲ್ಲ. ನಿಂತ ಕಾರಿನ ಒಂದು ಮೂಲೆಯನ್ನು ಎರಡೂ ಕೈಗಳಿಂದ ಬಲವಾಗಿ ಕೆಳಕ್ಕೆ ಒತ್ತಿ ಬಿಟ್ಟುಬಿಡಿ. ಕಾರು ಮೇಲೆದ್ದು ಒಂದೇ ಸಲಕ್ಕೆ ಸುಮ್ಮನಾದರೆ ಶಾಕ್ ಅಬ್ಸಾರ್ಬರ್ ಕೆಲಸ ಮಾಡುತ್ತಿದೆ ಎನ್ನಬಹುದು. ಎರಡು ಮೂರು ಸಲ ತೂಗಾಡಿದರೆ ಸವೆದಿದೆ. ಕೊಳವೆಯ ಮೇಲೆ ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದರೂ, ಟೈರು ಅಲ್ಲಲ್ಲಿ ಹಳ್ಳ ಬಿದ್ದಂತೆ ಸವೆದಿದ್ದರೂ ಅದೇ ಸೂಚನೆ. ಹೀಗೆ ಸವೆದಾಗ ಹೋಗುವುದು ಸುಖವೊಂದೇ ಅಲ್ಲ. ಚಕ್ರ ಕುಪ್ಪಳಿಸಿ ರಸ್ತೆಯಿಂದ ಮೇಲೆದ್ದಾಗ ಬ್ರೇಕ್ ಹಿಡಿದರೂ ಗಾಡಿ ನಿಲ್ಲುವುದಿಲ್ಲ. ಹಸುವೋ ಮಗುವೋ ಅಡ್ಡ ಬಂದಾಗ ಆ ಕೆಲವು ಅಡಿಗಳೇ ಪ್ರಾಣದ ಪ್ರಶ್ನೆಯಾಗುತ್ತವೆ. ಬದಲಿಸುವಾಗ ಎಡಕ್ಕೊಂದು ಹೊಸದು, ಬಲಕ್ಕೊಂದು ಹಳೆಯದು ಎಂದು ಮಾಡಬಾರದು. ಮುಂದಿನ ಜೋಡಿ ಅಥವಾ ಹಿಂದಿನ ಜೋಡಿಯನ್ನು ಒಟ್ಟಿಗೇ ಬದಲಿಸಬೇಕು.

ಹಲವು ಸಲ ದೋಷವಿರುವುದು ಶಾಕ್ ಅಬ್ಸಾರ್ಬರಿನಲ್ಲಲ್ಲ, ರಬ್ಬರಿನಲ್ಲಿ. ಚಕ್ರವನ್ನು ಹಿಡಿದಿರುವ ಆರ್ಮ್‌ಗಳ ತುದಿಯಲ್ಲಿ ರಬ್ಬರ್ ಬುಷ್‌ಗಳಿರುತ್ತವೆ. ಅವು ಒಡೆದಾಗ ಕಬ್ಬಿಣಕ್ಕೆ ಕಬ್ಬಿಣ ತಾಗಿ, ಚಿಕ್ಕ ಗುಂಡಿಗೂ "ಟಕ್ ಟಕ್" ಸದ್ದು ಬರುತ್ತದೆ. ತೊಂದರೆ ಎಲ್ಲಿದೆ ಎಂದು ತಿಳಿಯಲು ಒಂದು ಸುಲಭ ವಿಧಾನ ಹೇಳುತ್ತೇನೆ. ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ ಸೀಟು, ಸ್ಟಿಯರಿಂಗ್ ನಡುಗಿದರೆ ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ. ನಯವಾದ ರಸ್ತೆಯಲ್ಲಿ 60, 80 ಕಿ.ಮೀ. ವೇಗಕ್ಕೆ ಬಂದಾಗ ಮಾತ್ರ ಸ್ಟಿಯರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಗುಂಡಿಯಲ್ಲಿ ಮಾತ್ರ ಸದ್ದು ಬಂದರೆ ಬುಷ್, ಬಾಲ್ ಜಾಯಿಂಟ್ ನೋಡಿಸಿ. ಹಂಪ್ ದಾಟಿದ ಮೇಲೂ ತೂಗಾಡುತ್ತಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಹೀಗೆ ಲಕ್ಷಣವನ್ನು ಸರಿಯಾಗಿ ಹೇಳಿದರೆ ಮೆಕ್ಯಾನಿಕ್‌ಗೂ ಕೆಲಸ ಸುಲಭ, ನಿಮಗೂ ಬೇಡದ ಖರ್ಚು ಉಳಿಯುತ್ತದೆ.

ಇನ್ನು ಮಾಡಬಾರದ ಕೆಲವು ಸಂಗತಿಗಳು. ಗಾಡಿ ಹಂಪಿಗೆ ತಾಗುತ್ತದೆ ಎಂದು ಸ್ಪ್ರಿಂಗಿನ ಸುರುಳಿಗಳ ಮಧ್ಯೆ ರಬ್ಬರ್ ಬಫರ್ ಸಿಕ್ಕಿಸುವ ರೂಢಿ ಇದೆ. ಗಾಡಿ ಸ್ವಲ್ಪ ಎತ್ತರವಾಗುತ್ತದೆ ನಿಜ, ಆದರೆ ಸ್ಪ್ರಿಂಗು ಗಡುಸಾಗುತ್ತದೆ. ಇದರಿಂದ ಏನಾಗುತ್ತದೆ ನೋಡಿ. ಒಳ್ಳೆಯ ಸ್ಥಿತಿಯ ಕಾರಿನ ಮೈ ಸೆಕೆಂಡಿಗೆ ಸುಮಾರು ಒಂದರಿಂದ ಒಂದೂವರೆ ಸಲ ಮೇಲೆ ಕೆಳಗೆ ಆಡುತ್ತದೆ. ಇದು ನಾವು ನಿಧಾನವಾಗಿ ನಡೆಯುವ ಲಯಕ್ಕೆ ಹತ್ತಿರವಾದ್ದರಿಂದ ದೇಹಕ್ಕೆ ಒಗ್ಗುತ್ತದೆ. ಕುಳಿತ ಮನುಷ್ಯನಿಗೆ ಅತ್ಯಂತ ಹಿಂಸೆ ಕೊಡುವುದು ಸೆಕೆಂಡಿಗೆ 4ರಿಂದ 8 ಸಲದ ಅದುರು ಎಂದು ಅಂತರರಾಷ್ಟ್ರೀಯ ಮಾನಕಗಳೇ ಹೇಳುತ್ತವೆ. ಆ ಲಯದಲ್ಲಿ ಹೊಟ್ಟೆ, ಬೆನ್ನೆಲುಬು ತಾವೂ ಜೊತೆಗೆ ಅದುರಲು ತೊಡಗುತ್ತವೆ. ಸ್ಪ್ರಿಂಗು ಗಡುಸಾದಷ್ಟೂ ನಾವು ಆ ಹಿಂಸೆಯ ಕಡೆಗೆ ಸಾಗುತ್ತೇವೆ. ಅಂದಕ್ಕೆಂದು ದೊಡ್ಡ ಅಲಾಯ್ ಚಕ್ರ ಹಾಕಿಸಿ, ತೆಳು ಪಕ್ಕೆಯ ಟೈರ್ ತೊಡಿಸುವುದೂ ಇಂಥದೇ. ಅಲ್ಲಿ ಗಾಳಿಯ ಪದರವೇ ತೆಳುವಾಗಿಬಿಡುತ್ತದೆ. ಗಾಡಿ ತಗ್ಗಾಗಿ ಕಾಣಲಿ ಎಂದು ಸ್ಪ್ರಿಂಗ್ ಕತ್ತರಿಸುವುದಂತೂ ಅಪಾಯವನ್ನು ಮನೆಗೆ ಕರೆದಂತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯಂತೆ, ಕಂಪನಿಯವರು ಆ ಗಾಡಿಗೆ ಹೇಳಿದ ಅಳತೆಯ ಟೈರು, ಸ್ಪ್ರಿಂಗುಗಳೇ ಮೇಲು.

ಮೂರನೆಯದಾಗಿ ಸೀಟು. ಹತ್ತು ಹದಿನೈದು ವರ್ಷದ ಕಾರಿನ ಸೀಟಿನ ಫೋಮು ಕುಸಿದು, ಕೆಳಗಿನ ಕಂಬಿ ಕೈಗೆ ಸಿಗುವಂತಿರುತ್ತದೆ. ಜನ ಮೇಲಿನ ಕವರ್ ಬದಲಿಸುತ್ತಾರೆ, ಒಳಗಿನ ಫೋಮ್ ಬದಲಿಸುವುದಿಲ್ಲ. ಕುಷನ್ ಕೆಲಸದವರ ಬಳಿ ಫೋಮ್ ಹಾಕಿಸುವುದು ಹೊಸ ಮ್ಯೂಸಿಕ್ ಸಿಸ್ಟಂ ಹಾಕಿಸುವುದಕ್ಕಿಂತ ಎಷ್ಟೋ ಉಪಯುಕ್ತ. ತೀರಾ ಮೆತ್ತಗಿನ ದಿಂಬೂ ಒಳ್ಳೆಯದಲ್ಲ, ಕುಳಿತವರು ಅದರ ಮೇಲೆ ಪುಟಿಯುತ್ತಾರೆ. ಮಡಿಸಿದ ಕಂಬಳಿಯೊಂದು ಸಾಕು. ಸೊಂಟದ ಹಿಂದಿನ ಕುಳಿಗೆ ಟವೆಲ್ ಸುತ್ತಿ ಇಟ್ಟರೆ ಬೆನ್ನಿಗೆ ಆಸರೆ.

ಇಲ್ಲಿ ಒಂದು ಮುಖ್ಯವಾದ ಮಾತು ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಮುಂದಿನ ಸೀಟು ಗಂಡಸರಿಗೆ, ಹಿಂದಿನ ಸೀಟು ಹೆಂಗಸರಿಗೆ, ಮಕ್ಕಳಿಗೆ ಎಂಬ ರೂಢಿ ಬಂದುಬಿಟ್ಟಿದೆ. ಚಿಕ್ಕ ಕಾರಿನಲ್ಲಿ ಹಿಂದಿನ ಸೀಟು ಹೆಚ್ಚುಕಡಿಮೆ ಹಿಂದಿನ ಚಕ್ರಗಳ ಮೇಲೆಯೇ ಬರುತ್ತದೆ. ಗುಂಡಿಯ ಪೂರ್ತಿ ಹೊಡೆತ ಅಲ್ಲಿ ಕುಳಿತವರಿಗೆ. ಮುಂದಿನ ಸೀಟು ಎರಡು ಜೊತೆ ಚಕ್ರಗಳ ನಡುವೆ ಇರುತ್ತದೆ. ತೂಗುವ ಹಲಗೆಯ ತುದಿಯಲ್ಲಿ ಕುಳಿತವರು ಹೆಚ್ಚು ಏರಿಳಿಯುತ್ತಾರೆ, ಮಧ್ಯದ ಕಡೆಗೆ ಕುಳಿತವರು ಕಡಿಮೆ. ಅಂದಮೇಲೆ ಬೆನ್ನು ನೋವಿನ ದಾದಿಯನ್ನು, ಗರ್ಭಿಣಿಯನ್ನು, ಆಪರೇಷನ್ ಆದವರನ್ನು ಕುಲುಕು ಅತಿ ಹೆಚ್ಚಾಗಿರುವ ಜಾಗದಲ್ಲಿ ಕೂರಿಸಿ, ಗಟ್ಟಿಮುಟ್ಟಾದ ನಾವು ಸುಖದ ಜಾಗದಲ್ಲಿ ಕೂರುವುದು ಯಾವ ನ್ಯಾಯ? ಎತ್ತಿನ ಗಾಡಿಯ ಕಾಲದವರು ಬಸುರಿಯನ್ನು ಮಧ್ಯದಲ್ಲಿ ಕೂರಿಸುತ್ತಿದ್ದರು. ವೈದ್ಯರು ಬೇರೆ ರೀತಿ ಹೇಳದಿದ್ದರೆ ನಾವೂ ಮುಂದಿನ ಸೀಟನ್ನು ಅವರಿಗೆ ಬಿಟ್ಟುಕೊಡೋಣ. ಸೀಟನ್ನು ಹಿಂದಕ್ಕೆ ಸರಿಸಿ, ಬೆಲ್ಟ್ ಕಟ್ಟಿಸಬೇಕು. ಗರ್ಭಿಣಿಯರಾದರೆ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬರದಂತೆ, ಹೊಟ್ಟೆಯ ಕೆಳಗೆ ಸೊಂಟದ ಮೂಳೆಗಳ ಮೇಲೆ ಬರಬೇಕು; ಮೇಲ್ಪಟ್ಟಿ ಎದೆಯ ಮಧ್ಯದಲ್ಲಿ ಹಾದು ಹೋಗಬೇಕು. ಚಿಕ್ಕ ಮಕ್ಕಳನ್ನು ಮಾತ್ರ ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು, ಅವರಿಗೆ ಹಿಂದಿನ ಸೀಟೇ ಸುರಕ್ಷಿತ.

ಕೊನೆಯದಾಗಿ ಓಡಿಸುವವರ ಪಾದ. ಸಂತೇಮರಹಳ್ಳಿಯ ಕಡೆ ಹೋಗಿ ಹೆದ್ದಾರಿ ಸೇರುವವರೆಗೆ ನಮ್ಮ ರಸ್ತೆಗಳಲ್ಲಿ ಗುಂಡಿ, ಹಂಪ್, ಕಿತ್ತ ಡಾಂಬರು ಯಾವಾಗ ಎದುರಾಗುತ್ತವೋ ಹೇಳಲಾಗದು. ಹಂಪ್ ಹೇಗಿರಬೇಕು ಎಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ನಿಯಮ ಹೀಗಿತ್ತು: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ದುಂಡಗಿನ ಬೆನ್ನು. ಅಂಥದನ್ನು 25 ಕಿ.ಮೀ. ವೇಗದಲ್ಲಿ ದಾಟಬಹುದು. ಆದರೆ ಹಳ್ಳಿಗಳಲ್ಲಿ ಅಪಘಾತಕ್ಕೆ ಹೆದರಿ ಜನರೇ ಹಾಕಿಸಿಕೊಂಡ ಹಂಪ್‌ಗಳು ಗೋಡೆಯಂತೆ ಕಿರಿದಾಗಿ, ಕಡಿದಾಗಿ ಇರುತ್ತವೆ. ಅವನ್ನು ನಡೆಯುವ ವೇಗದಲ್ಲೇ ದಾಟಬೇಕು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವಾಗ ಬಂಡೀಪುರದ ಕಾಡಿನಲ್ಲಿ ಸಾಲು ಸಾಲಾಗಿರುವ ಹಂಪ್‌ಗಳು ವನ್ಯಪ್ರಾಣಿಗಳ ಪ್ರಾಣ ಉಳಿಸಲು ಹಾಕಿದವು. ಅಲ್ಲಿ ಬೇಸರಪಡದೆ ನಿಧಾನವಾಗಿ ಹೋಗುವುದೇ ಧರ್ಮ.

ಹೆಚ್ಚಿನ ಡ್ರೈವರುಗಳು ಮಾಡುವ ಒಂದು ತಪ್ಪನ್ನು ಗಮನಿಸಿ. ಗುಂಡಿ ಕಂಡ ಕೂಡಲೇ ಬ್ರೇಕ್ ಒತ್ತಿ, ಒತ್ತಿದ ಬ್ರೇಕಿನಲ್ಲೇ ಗುಂಡಿಗೆ ಇಳಿಯುತ್ತಾರೆ. ಬ್ರೇಕ್ ಒತ್ತಿದಾಗ ಗಾಡಿಯ ಮೂತಿ ಕೆಳಗಿಳಿದು ಮುಂದಿನ ಸ್ಪ್ರಿಂಗುಗಳು ಮೊದಲೇ ಕುಗ್ಗಿರುತ್ತವೆ. ಗುಂಡಿಯ ಹೊಡೆತ ಬಂದಾಗ ಅವುಗಳಿಗೆ ಇನ್ನು ಕುಗ್ಗಲು ಜಾಗವಿರುವುದಿಲ್ಲ. ಏಟು ನೇರವಾಗಿ ಮೈಗೆ ತಾಗುತ್ತದೆ. ಮುಂಚೆಯೇ ವೇಗ ಇಳಿಸಿ, ಗುಂಡಿಯ ಅಂಚಿಗೆ ಬಂದಾಗ ಬ್ರೇಕ್ ಬಿಟ್ಟುಬಿಡಬೇಕು. ಆಗ ಮೂತಿ ಮೇಲೆದ್ದು ಸ್ಪ್ರಿಂಗು ಹೊಡೆತಕ್ಕೆ ಸಿದ್ಧವಾಗಿರುತ್ತದೆ. ಈ ಒಂದು ಅಭ್ಯಾಸಕ್ಕೆ ಒಂದು ಪೈಸೆಯ ಖರ್ಚಿಲ್ಲ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರೆ. ಮೆತ್ತಗಿದೆ ಎಂದು ಅದರ ಮೇಲೆ ಹೋಗಬೇಡಿ. ಸೊಪ್ಪು ಚಕ್ರಕ್ಕೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿಯ ಅಪಾಯವಿದೆ.

ಆತ್ಮೀಯ ಪೋಷಕರೇ, ನಮ್ಮ ಸುತ್ತಮುತ್ತಲ ಪೇಟೆಗಳ ಪಂಚರ್ ಅಂಗಡಿ, ಗ್ಯಾರೇಜುಗಳಲ್ಲಿ ನಮ್ಮವರೇ ಆದ ಎಷ್ಟೋ ಹುಡುಗರು ದುಡಿಯುತ್ತಿದ್ದಾರೆ. ಕೈಗೆ ಗ್ರೀಸ್ ಮೆತ್ತಿಕೊಂಡ ಆ ಹುಡುಗರಿಗೆ ಸ್ಪ್ಯಾನರ್ ಹಿಡಿಯುವುದು ಗೊತ್ತು. ಹುಕ್‌ನ ನಿಯಮವೂ ಪೈಥಾಗೊರಸ್ ಪ್ರಮೇಯವೂ ತಮ್ಮ ಕೈಯಲ್ಲೇ ಇವೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಎಸ್.ಎಸ್.ಎಲ್.ಸಿ. ಮುಗಿಸಿ ಐ.ಟಿ.ಐ.ನಲ್ಲಿ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ತರಬೇತಿ ಪಡೆದರೆ ಅದೇ ಕೈಗಳ ಬೆಲೆ ಹೆಚ್ಚುತ್ತದೆ. ಶಾಲೆ ಬಿಟ್ಟು ಗ್ಯಾರೇಜಿಗೆ ಹೋಗುವ ಬದಲು ಶಾಲೆ ಮುಗಿಸಿ ಗ್ಯಾರೇಜಿಗೆ ಹೋಗಲಿ. ನಾಳೆ ನಿಮ್ಮ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕಾರಿನ ಬ್ರೇಕು, ಶಾಕ್ ಅಬ್ಸಾರ್ಬರು ಅವನ ಕೈಯಿಂದಲೇ ಹಾದು ಬಂದಿರುತ್ತವೆ.

ಹೇಳಬೇಕಾದದ್ದನ್ನು ಸಂಕ್ಷೇಪಿಸಿ ಮುಗಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ತಣ್ಣನೆಯ ಟೈರಿನ ಗಾಳಿ ನೋಡಿಸಿ. ಟೈರಿನ ಇಸವಿ ಓದಿ. ಕಾರಿನ ನಾಲ್ಕೂ ಮೂಲೆಗಳನ್ನು ಒತ್ತಿ ನೋಡಿ. ಸದ್ದು ಯಾವಾಗ ಬರುತ್ತದೆ ಎಂದು ಗಮನವಿಟ್ಟು ಕೇಳಿ ಮೆಕ್ಯಾನಿಕ್‌ಗೆ ಹೇಳಿ. ನೋವಿರುವವರಿಗೆ ಮುಂದಿನ ಸೀಟು ಕೊಡಿ. ಗುಂಡಿಗೆ ಮುನ್ನ ಬ್ರೇಕ್ ಹಿಡಿದು, ಗುಂಡಿಯಲ್ಲಿ ಬಿಡಿ. ವಿದ್ಯಾರ್ಥಿಗಳೇ, ನಾಳೆ ಬೆಳಿಗ್ಗೆ ನಿಮ್ಮ ಅಪ್ಪನದೋ ಚಾಚಾರದೋ ಕಾರಿನ ಬಾಗಿಲು ತೆರೆದು ಆ ಸ್ಟಿಕ್ಕರಿನ ಅಂಕಿಯನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬನ್ನಿ. ಉಳಿದದ್ದನ್ನು ತರಗತಿಯಲ್ಲಿ ಮಾತನಾಡೋಣ.